ಸ್ಮೃತಿಕೋಶದ ಶಾನುಭೋಗ

ಹತ್ತು ಮಂದಿ ಹೊಳೆಯನ್ನು ದಾಟಿ, ಎಲ್ಲರೂ ದಡ ಸೇರಿದರೋ ಇಲ್ಲವೋ ಎಂದು ಎಣಿಸತೊಡಗಿದರೆಂದೂ, ಎಣಿಸಿದವನು ತನ್ನನ್ನು ಬಿಟ್ಟು ಒಂಬತ್ತೇ ಮಂದಿಯೆಂದು ಗೋಳಿಟ್ಟನೆಂದೂ ವೇದಾಂತಿಗಳು ಹೇಳುವ ದಶಮನ ಕಥೆಯನ್ನು ಕೇಳದವರು ವಿರಳ. ಲೆಕ್ಕವಿಡುವವನು ತನ್ನನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ಆ ನೀತಿಯು ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಒಂದು ಪ್ರಕರಣವನ್ನು ಪಡೆದಿದೆ.

1981ನೆಯ ಇಸವಿ ಆಗಸ್ಟ್ 12ರಂದು ಅಮೆರಿಕದ ಐ. ಬಿ. ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಪಡಿಸಿತು. ಅದರೊಳಗಿನ ಇಂಟೆಲ್ 8088 ಎಂಬ ಚಿಪ್ಪು ತನ್ನ 20 ವಿಳಾಸತಂತಿಗಳಿಂದ 1,024 ಕಿಲೋಬೈಟುಗಳಷ್ಟು ಮೆಮೊರಿಯನ್ನು, ಎಂದರೆ ಸ್ಮೃತಿಕೋಶವನ್ನು, ಮಾತ್ರ ಗುರುತಿಸಬಲ್ಲುದಾಗಿದ್ದಿತು. ಅದರಲ್ಲಿ ಮೇಲಿನ 384 ಕಿಲೋಬೈಟುಗಳು ತೆರೆಯ ಚಿತ್ರವೇ ಮೊದಲಾದ ಯಂತ್ರದ ಸ್ವಂತ ಕಾರ್ಯಗಳಿಗೆ ಮೀಸಲಾದುವು. ಪ್ರೋಗ್ರಾಮುಗಳ ಪಾಲಿಗೆ ಉಳಿದುವು 640. ಕೇವಲ 16 ಕಿಲೋಬೈಟುಗಳೊಡನೆಯೂ ಯಂತ್ರವು ಮಾರಾಟಕ್ಕಿದ್ದ ಆ ದಿನಗಳಲ್ಲಿ ಇದು ಅಕ್ಷಯಪಾತ್ರೆಯಂತೆ ತೋರಿದುದು ಸಹಜವೇ.

ಮೈಕ್ರೋಸಾಫ್ಟ್ ಸಂಸ್ಥೆಯು ಒದಗಿಸಿದ ಡಾಸ್ ವ್ಯವಸ್ಥೆಯು ಏಕಕಾಲದಲ್ಲಿ ಒಂದೇ ಕಾರ್ಯವನ್ನು ನಡಸತಕ್ಕುದು. ಆದರೆ ಕೆಲಸ ಮುಗಿಸಿದ ಪ್ರೋಗ್ರಾಮೊಂದು ಸ್ಥಳವನ್ನು ತೆರವು ಮಾಡದೆ ಅಲ್ಲಿಯೇ ನೆಲಸಲು ಅದರಲ್ಲಿ ಅವಕಾಶವಿದ್ದಿತು. 1984ರಲ್ಲಿ ಬೋರ್ಲೆಂಡ್ ಸಂಸ್ಥೆಯ ‘ಸೈಡ್‌ಕಿಕ್’ ಈ ಮಾರ್ಗದಿಂದ ಪ್ರಖ್ಯಾತವಾಯಿತು. ಕೀಲಿಯೊತ್ತಿದೊಡನೆ ಟಿಪ್ಪಣಿಯ ಪುಸ್ತಕವೂ ಲೆಕ್ಕದ ಯಂತ್ರವೂ ನಡೆಯುತ್ತಿದ್ದ ಕೆಲಸದ ಮೇಲೆ ಮೂಡಿ, ಮತ್ತೆ ಮರೆಯಾಗುತ್ತಿದ್ದುವು. ಅದನ್ನು ನೋಡಿ ಇಂತಹ ನಿವಾಸಿಗಳು ನೂರಾರು ಬಂದುವು. ಅತಿಥಿಗಳೆಲ್ಲರೂ ಮನೆಯಲ್ಲೇ ತಂಗಿದರೆ ಯಜಮಾನನಿಗೆ ಮಲಗಲು ಸ್ಥಳವೆಲ್ಲಿ? ಬರೆಯಬೇಕಾದ ಪತ್ರವನ್ನೋ ಅಂಗಡಿಯ ಲೆಕ್ಕವನ್ನೋ ತೆರೆಯಹೊರಟಾಗ ಸ್ಥಳವಿಲ್ಲವೆಂಬ ಉತ್ತರ ಬರತೊಡಗಿತು. ಕೆಲವೊಮ್ಮೆ ಯಂತ್ರವೇ ಸ್ತಬ್ಧವಾಗಿ, ಉಳಿಸದ ಬರಹವೆಲ್ಲ ನಷ್ಟವಾಗುತ್ತಿದ್ದಿತು.

ತಪ್ಪಿತಸ್ಥನಾರು? ಡಾಸಿನ ‘ಚೆಕ್‌ಡಿಸ್ಕ್’ ಆಜ್ಞೆಯು ಒಟ್ಟು ಎಷ್ಟು, ಉಳಿದುದೆಷ್ಟು ಎಂಬ ಎರಡು ಮೊತ್ತಗಳನ್ನು ಮಾತ್ರ ಹೇಳುತ್ತಿದ್ದಿತು. ಊರಿನ ಜಮೀನೆಷ್ಟು, ಬೀಳೆಷ್ಟು ಎಂದು ತಿಳಿಸಿ, ಉಳುವವರಾರೆಂಬುದನ್ನು ತಿಳಿಸದ ಕಡತದಂತೆ. ಆದರೆ ನಿಜವಾದ ಕಡತವು ಸ್ಮೃತಿಕೋಶದೊಳಗೇ ಇದ್ದಿತು. ಡಾಸ್ ಹಂಚಿದ ಪ್ರತಿಯೊಂದು ಭಾಗದ ತಲೆಯಲ್ಲಿಯೂ 16 ಬೈಟುಗಳ ಒಂದು ಫಲಕ. ಮೊದಲಲ್ಲಿ ‘ಎಂ’ ಅಕ್ಷರ, ಕಡೆಯ ಭಾಗಕ್ಕಾದರೆ ‘ಝಡ್’. ಅನಂತರ ಒಡೆಯನ ಗುರುತು, ಅನಂತರ ಅಳತೆ. ಒಂದರ ಅಳತೆಯನ್ನು ಹಿಡಿದು ನಡೆದರೆ ಮುಂದಿನ ಫಲಕವು ದೊರೆಯುವುದು. ಈ ಸರಪಳಿಯನ್ನು ಕೊನೆಯವರೆಗೆ ಓದಿ, ಯಾರದು ಎಷ್ಟು ಎಂದು ತೆರೆಯ ಮೇಲೆ ಪಟ್ಟಿ ಮಾಡುವ ಪುಟ್ಟ ಸಾಧನಗಳು ಹುಟ್ಟಿದುವು.

ಇಲ್ಲೊಂದು ತೊಡಕು. ಪಟ್ಟಿ ಮಾಡುವ ಪ್ರೋಗ್ರಾಮನ್ನು ಬೇರೆಯಾಗಿ ನಡಸಬೇಕಾದರೆ ಕೈಯಲ್ಲಿರುವ ಕೆಲಸವನ್ನು ಮುಚ್ಚಬೇಕು; ಮುಚ್ಚಿದ ಮೇಲೆ ಕಾಣುವುದು ಬರಿದಾದ ಅಂಗಳ, ಜಾತ್ರೆಯಲ್ಲ. ಕೆಲಸದ ನಡುವೆ ನೋಡಬೇಕಾದರೆ ನೋಡುವವನೂ ಒಳಗೆಯೇ ನೆಲಸಿರಬೇಕು. ಹೀಗೆ ನಿವಾಸಿಗಳ ಲೆಕ್ಕ ಹೇಳಲು ಮತ್ತೊಬ್ಬ ನಿವಾಸಿಯೇ ಬೇಕಾದನು. ಅವನು ಕೀಲಿಮಣೆಯನ್ನು ಸದಾ ಆಲಿಸುತ್ತಿದ್ದು, ಡಾಸ್ ತನ್ನ ಕಾರ್ಯದಲ್ಲಿ ಮಗ್ನವಾಗಿರುವಾಗ ಅದನ್ನು ಕರೆಯದೆ ಕಾದು, ಸಮಯವರಿತು ಎದ್ದು ಬರಬೇಕಾಗಿದ್ದಿತು.

ದಶಮನ ನೀತಿಯು ಇಲ್ಲಿಯೇ ಸಲ್ಲುವುದು. ಸರಪಳಿಯಲ್ಲಿ ಅವನೂ ಒಂದು ಕೊಂಡಿಯಾದುದರಿಂದ, ಕಟ್ಟುನಿಟ್ಟಾಗಿ ಓದಿದರೆ ಅವನ ಪಾಲೂ ಪಟ್ಟಿಯಲ್ಲಿ ಬಾರದೆ ಇರದು. ಆ ಕಾರಣದಿಂದ ಇಂತಹ ಸಾಧನಗಳನ್ನು ರಚಿಸುವವರು ತಮ್ಮ ಕೃತಿಯನ್ನು ಕೆಲವೇ ಕಿಲೋಬೈಟುಗಳಿಗೆ ಇಳಿಸಲು ಶ್ರಮಿಸಬೇಕಾಯಿತು. ಇನ್ನೊಂದು ವಿಚಿತ್ರವೂ ಉಂಟು. 1984ರ ಮೂರನೆಯ ಆವೃತ್ತಿಯಿಂದ ಡಾಸ್ ಪ್ರತಿಯೊಂದು ಪ್ರೋಗ್ರಾಮಿನ ಹೆಸರನ್ನು ಅದಕ್ಕೆ ಸೇರಿದ ಬೇರೊಂದು ಚಿಕ್ಕ ಭಾಗದಲ್ಲಿ ಬರೆದಿಡುತ್ತಿದ್ದಿತು. ಮಿತವ್ಯಯಿಯಾದ ನಿವಾಸಿಯು ಆ ಭಾಗವನ್ನೂ ಹಿಂದಿರುಗಿಸಿಬಿಟ್ಟರೆ, ಅವನ ಹೆಸರು ಅಳಿದು ಪಟ್ಟಿಯಲ್ಲಿ ಅನಾಮಧೇಯನಾಗುತ್ತಿದ್ದನು. ಸ್ಥಳವನ್ನು ಉಳಿಸಿದ ಸಾಧುವಿಗೇ ಸಂಶಯದ ಕಳಂಕ!

1988ರ ನಾಲ್ಕನೆಯ ಆವೃತ್ತಿಯಲ್ಲಿ ಡಾಸ್ ತಾನೇ ‘ಮೆಮ್’ ಎಂಬ ಆಜ್ಞೆಯನ್ನು ನೀಡಿತು; 1991ರ ಐದನೆಯದು ನಿವಾಸಿಗಳನ್ನು 640ರ ಮೇಲಣ ಬರಿದಾದ ಎಡೆಗಳಿಗೆ ಏರಿಸುವ ಉಪಾಯವನ್ನು ಕಲಿಸಿತು. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದು ಹರಡಿದ ಮೇಲೆ ಈ ಇಕ್ಕಟ್ಟು ಕ್ರಮೇಣ ಮರೆಯಾಯಿತು. ಗಿಗಾಬೈಟುಗಳ ಲೆಕ್ಕದಲ್ಲಿ ಸ್ಮೃತಿಯುಳ್ಳ ಇಂದಿನವರಿಗೆ ಒಂದೊಂದು ಕಿಲೋಬೈಟಿನ ವಿಚಾರಣೆಯು ಹಾಸ್ಯವೆನಿಸೀತು. ಆದರೂ ಎಲ್ಲರ ಪಾಲನ್ನೂ ಬಯಲಿಗಿಟ್ಟು, ಆ ಪಟ್ಟಿಯಲ್ಲಿಯೇ ತನ್ನ ಪಾಲನ್ನೂ ಮರೆಮಾಚದೆ ತೋರಿಸಿದ ಆ ಪುಟ್ಟ ಶಾನುಭೋಗನ ಪ್ರಾಮಾಣಿಕತೆಯು ಎಂದಿಗೂ ಹಳತಾಗತಕ್ಕುದಲ್ಲ.