ಜಾನ್ ಸ್ಟೋರ್ಗೋರ್ಡ್ಸ್ ಧ್ವನಿಮುದ್ರಿಕೆಗಳಲ್ಲಿ ಪಾಠದ ಪ್ರಶ್ನೆ

ಫಿನ್‌ಲೆಂಡ್‌ನ ಪಿಟೀಲು ವಾದಕ ಮತ್ತು ವಾದ್ಯವೃಂದ ನಿರ್ದೇಶಕ ಜಾನ್ ಸ್ಟೋರ್ಗೋರ್ಡ್ಸ್ ಅವರು ಬಿಬಿಸಿ ಫಿಲ್ಹಾರ್ಮಾನಿಕ್ ಜೊತೆ ಮಾಡಿದ ಸಿಬೆಲಿಯಸ್ ಸಿಂಫನಿಗಳ ಸಂಪುಟವನ್ನು ಶಾಂಡೋಸ್ ಕಂಪನಿ 2014ರಲ್ಲಿ ಮೂರು ಸಿ.ಡಿ.ಗಳಾಗಿ ಹೊರತಂದಿತು. ಏಳು ಸಿಂಫನಿಗಳಲ್ಲದೆ ಅದರಲ್ಲಿ ಇನ್ನೂ ಮೂರು ತುಣುಕುಗಳಿವೆ. ಮೂರನ್ನೂ ಕೂಡಿಸಿದರೆ ಮೂರು ನಿಮಿಷ ತುಂಬುವುದಿಲ್ಲ. ಅವಕ್ಕೆ ಅಲ್ಲಿ ಕೊಟ್ಟಿರುವ ಹೆಸರು 'ಕೊನೆಗಾಲದ ಮೂರು ತುಣುಕುಗಳು' ಎಂದಷ್ಟೇ. ಜೊತೆಗೆ ಹೆಲ್ಸಿಂಕಿ ವಿಶ್ವವಿದ್ಯಾಲಯ ಗ್ರಂಥಾಲಯದ ಹಸ್ತಪ್ರತಿ ಸಂಖ್ಯೆಗಳು. 'ಎಂಟನೆಯ ಸಿಂಫನಿ' ಎಂಬ ಹೆಸರನ್ನು ಅವುಗಳಿಗೆ ಅಂಟಿಸಿಲ್ಲ. ಈ ಸಂಯಮ ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಸ್ಟೋರ್ಗೋರ್ಡ್ಸ್ ಅವರ ಮುದ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಪೂರ್ಣಗೊಳ್ಳದ, ಕತ್ತರಿಗೆ ಸಿಕ್ಕ, ಬಚ್ಚಿಟ್ಟ, ಎರಡೆರಡು ರೂಪಗಳಲ್ಲಿ ಉಳಿದ ಕೃತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವರನ್ನು ಕೇಳುವವರು ನುಡಿಸಾಣಿಕೆಯ ಗುಣದ ಜೊತೆಗೆ ಪಾಠದ ಪ್ರಶ್ನೆಯನ್ನೂ, ಅಂದರೆ ನುಡಿಸುತ್ತಿರುವುದು ಕೃತಿಯ ಯಾವ ರೂಪ ಎಂಬ ಪ್ರಶ್ನೆಯನ್ನೂ, ಕೇಳಿಕೊಳ್ಳಬೇಕಾಗುತ್ತದೆ.

ಮೊದಲು ತುಣುಕುಗಳ ಹಿನ್ನೆಲೆ. ಸಿಬೆಲಿಯಸ್ ಏಳನೆಯ ಸಿಂಫನಿಯನ್ನು 1924ರಲ್ಲಿ ಮುಗಿಸಿದರು. ಎಂಟನೆಯದರ ಕೆಲಸ ಅದಾದ ಕೆಲವೇ ವರ್ಷಗಳಲ್ಲಿ ಶುರುವಾಗಿ ಮೂವತ್ತರ ದಶಕದವರೆಗೆ ಎಳೆಯಿತು. ಬಾಸ್ಟನ್ನಿನಲ್ಲಿ ವಾದ್ಯವೃಂದ ನಿರ್ದೇಶಕ ಸೆರ್ಗೆಯ್ ಕೂಸೆವಿಟ್ಸ್ಕಿ ಅದರ ಮೊದಲ ಪ್ರದರ್ಶನಕ್ಕಾಗಿ ಕಾಯುತ್ತಲೇ ಇದ್ದರು. 1933ರಲ್ಲಿ ಪ್ರತಿಕಾರ ಪಾಲ್ ಫೋಯ್ಟ್ 23 ಪುಟಗಳನ್ನು ನಕಲು ಮಾಡಿಕೊಟ್ಟಿದ್ದಕ್ಕೆ ಹಣ ಕೇಳಿದ ಲೆಕ್ಕ ಉಳಿದಿದೆ. ಅಂದರೆ ಒಂದಷ್ಟು ಭಾಗವಾದರೂ ನಕಲಿಗೆ ಕೊಡುವ ಹಂತಕ್ಕೆ ಬಂದಿತ್ತು. ಆಮೇಲೆ, 1940ರ ದಶಕದಲ್ಲಿ, ಸಿಬೆಲಿಯಸ್ ತಮ್ಮ ಮನೆ ಐನೋಲಾದಲ್ಲಿ ಬುಟ್ಟಿಗಟ್ಟಲೆ ಹಸ್ತಪ್ರತಿಗಳನ್ನು ಬೆಂಕಿಗೆ ಹಾಕಿದರು. ಇದನ್ನು ಹೇಳಿದವರು ಪತ್ನಿ ಐನೊ. ಎಂಟನೆಯ ಸಿಂಫನಿ ಆ ಬೆಂಕಿಯಲ್ಲೇ ಹೋಯಿತೆಂದು ಸಾಮಾನ್ಯವಾಗಿ ನಂಬಲಾಗಿದೆ. ಸಿಬೆಲಿಯಸ್ 1957ರಲ್ಲಿ ತೀರಿಕೊಂಡರು. 1982ರಲ್ಲಿ ಕುಟುಂಬದವರು ಉಳಿದ ಹಸ್ತಪ್ರತಿಗಳ ದೊಡ್ಡ ರಾಶಿಯನ್ನು ಗ್ರಂಥಾಲಯಕ್ಕೆ ದಾನ ಕೊಟ್ಟರು. ಕಾರಿ ಕಿಲ್ಪೆಲೈನೆನ್ ಅವುಗಳ ಪಟ್ಟಿ ಮಾಡಿದರು. ಆ ರಾಶಿಯಲ್ಲಿದ್ದ ಕೆಲವು ಹಾಳೆಗಳನ್ನು ಟಿಮೊ ವಿರ್ಟಾನೆನ್ ನುಡಿಸಲು ಬರುವಂತೆ ಸಿದ್ಧಪಡಿಸಿದರು. 2011ರ ಅಕ್ಟೋಬರ್‌ನಲ್ಲಿ, ಆ ವರ್ಷವೇ ಬಾಗಿಲು ತೆರೆದಿದ್ದ ಹೆಲ್ಸಿಂಕಿಯ ಸಂಗೀತ ಭವನದಲ್ಲಿ, ಹೆಲ್ಸಿಂಕಿ ಫಿಲ್ಹಾರ್ಮಾನಿಕ್ ಅವುಗಳನ್ನು ಮೊದಲ ಬಾರಿಗೆ ನುಡಿಸಿತು. ನಿರ್ದೇಶಿಸಿದವರು ಆಗ ಅದರ ಮುಖ್ಯಸ್ಥರಾಗಿದ್ದ ಸ್ಟೋರ್ಗೋರ್ಡ್ಸ್.

ಈ ಹಾಳೆಗಳು ಎಂಟನೆಯ ಸಿಂಫನಿಗೆ ಸೇರಿರುವ ಸಾಧ್ಯತೆ ಬಲವಾಗಿದೆ, ಆದರೆ ಅದು ಸಾಧ್ಯತೆ ಮಾತ್ರ. ಶಾಂಡೋಸ್ ಸಂಪುಟ ಆ ಗೆರೆಯನ್ನು ದಾಟಿಲ್ಲ. ಕೇಳುವವರಿಗೆ ಸಿಗುವುದೂ ಹಾಗೆಯೇ: ಸ್ವರಮೇಳ ಒಂದು ದಿಕ್ಕಿಗೆ ಹೊರಳುತ್ತದೆ, ಏನೋ ಆರಂಭವಾಯಿತು ಅನ್ನಿಸುತ್ತದೆ, ಅಷ್ಟರಲ್ಲಿ ಸಂಗೀತ ನಿಲ್ಲುತ್ತದೆ. ಮುಕ್ತಾಯದ ಸ್ವರವನ್ನು ಯಾರೂ ಸೇರಿಸಿಲ್ಲ. ನಮ್ಮ ಶಾಸನ ಸಂಪುಟಗಳಲ್ಲಿ ಕಲ್ಲು ಒಡೆದ ಜಾಗಕ್ಕೆ ಚುಕ್ಕಿಗಳನ್ನಷ್ಟೇ ಹಾಕಿ ಮುಂದೆ ಹೋಗುವ ಶಿಸ್ತು ಇದೆಯಲ್ಲ, ಇದು ಅದೇ ಶಿಸ್ತು. ತ್ರುಟಿತವನ್ನು ತ್ರುಟಿತವಾಗಿಯೇ ಅಚ್ಚು ಮಾಡುವುದಕ್ಕೆ ಧೈರ್ಯ ಬೇಕು. ಧ್ವನಿಮುದ್ರಿಕೆಯ ಮಾರುಕಟ್ಟೆಯಲ್ಲಿ ಅದು ಇನ್ನೂ ಹೆಚ್ಚು ಬೇಕು, ಏಕೆಂದರೆ 'ಕಳೆದುಹೋದ ಸಿಂಫನಿ ಸಿಕ್ಕಿತು' ಎಂಬ ಶೀರ್ಷಿಕೆಗೆ ಕೊಳ್ಳುವವರು ಸುಲಭವಾಗಿ ಸಿಗುತ್ತಾರೆ.

ಇದಕ್ಕೆ ಎದುರಾಗಿ ನಿಲ್ಲುವುದು 2019ರಲ್ಲಿ ಬಿಸ್ ಕಂಪನಿ ಹೊರತಂದ ಮಾಹ್ಲರ್ ಅವರ ಹತ್ತನೆಯ ಸಿಂಫನಿ. ನುಡಿಸಿರುವುದು ಆರ್ಕ್ಟಿಕ್ ವೃತ್ತದ ಅಂಚಿನ ರೊವಾನಿಯೆಮಿ ಪಟ್ಟಣದ ಲ್ಯಾಪ್‌ಲೆಂಡ್ ಚೇಂಬರ್ ಆರ್ಕೆಸ್ಟ್ರಾ. ಸ್ಟೋರ್ಗೋರ್ಡ್ಸ್ 1996ರಿಂದ ದೀರ್ಘಕಾಲ ಅದರ ಕಲಾ ನಿರ್ದೇಶಕರಾಗಿದ್ದರು. ಮಾಹ್ಲರ್ ಈ ಸಿಂಫನಿಯನ್ನು 1910ರ ಬೇಸಿಗೆಯಲ್ಲಿ ಬರೆಯಲು ಕುಳಿತರು, ಮರುವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ಐದು ಭಾಗಗಳ ಎಳೆ ಮೊದಲಿನಿಂದ ಕೊನೆಯವರೆಗೆ ಕಾಗದದ ಮೇಲಿತ್ತು. ವಾದ್ಯಗಳಿಗೆ ಹಂಚುವ ಕೆಲಸ ಮೊದಲ ಭಾಗದಲ್ಲಿ ಬಹುಮಟ್ಟಿಗೆ ಆಗಿತ್ತು, ಉಳಿದ ಕಡೆ ಬಹಳಷ್ಟು ಬಾಕಿ ಇತ್ತು. ಡೆರಿಕ್ ಕುಕ್ ಸಿದ್ಧಪಡಿಸಿದ ಪೂರ್ಣ ರೂಪ 1964ರಲ್ಲಿ ಲಂಡನ್ನಿನಲ್ಲಿ ಕೇಳಿಬಂದ ಮೇಲೆ ಇನ್ನೂ ಹಲವರು ತಮ್ಮ ತಮ್ಮ ರೂಪಗಳನ್ನು ಕೊಟ್ಟರು. ಸ್ಟೋರ್ಗೋರ್ಡ್ಸ್ ಆರಿಸಿಕೊಂಡದ್ದು ಮಿಶೆಲ್ ಕ್ಯಾಸ್ಟೆಲೆಟ್ಟಿ ಚಿಕ್ಕ ವಾದ್ಯವೃಂದಕ್ಕೆಂದು ಮಾಡಿದ ರೂಪವನ್ನು. ಇಲ್ಲಿ ಚುಕ್ಕಿಗಳ ಜಾಗವನ್ನು ಸಂಪಾದಕಿ ತುಂಬಿದ್ದಾರೆ, ತುಂಬಿರುವುದನ್ನು ಮುಚ್ಚಿಟ್ಟಿಲ್ಲ.

ಒಬ್ಬರೇ ಸಂಗೀತಗಾರ ಒಂದು ಕಡೆ ತುಂಬದೆ ಬಿಟ್ಟು ಇನ್ನೊಂದು ಕಡೆ ತುಂಬಿದ್ದನ್ನು ಒಪ್ಪಿಕೊಂಡದ್ದು ವಿರೋಧವೆಂದು ತೋರಬಹುದು. ನನಗೆ ಹಾಗೆ ಕಾಣುವುದಿಲ್ಲ. ಮಾಹ್ಲರ್ ಅವರಲ್ಲಿ ದಾರಿ ಕೊನೆಯವರೆಗೆ ಇದೆ, ಬಣ್ಣ ಹಚ್ಚುವುದು ಉಳಿದಿದೆ. ಸಿಬೆಲಿಯಸ್ ಅವರಲ್ಲಿ ದಾರಿಯೇ ಕಾಣೆಯಾಗಿದೆ. ಎರಡಕ್ಕೂ ಒಂದೇ ನಿಯಮ ಹಚ್ಚುವುದು ತಪ್ಪಾಗುತ್ತಿತ್ತು. ಹಸ್ತಪ್ರತಿ ಎಷ್ಟು ಹೇಳುತ್ತದೋ ಅದಕ್ಕೆ ತಕ್ಕಂತೆ ಸಂಪಾದನೆಯ ಕೈ ಉದ್ದವಾಗಬೇಕು ಅಥವಾ ಮೊಟಕಾಗಬೇಕು.

ಮೂರನೆಯ ಬಗೆಯ ಉದಾಹರಣೆ ಅಲೆಕ್ಸಾಂಡರ್ ತ್ಸೆಮ್ಲಿನ್ಸ್ಕಿ ಅವರ 'ಮತ್ಸ್ಯಕನ್ಯೆ'. ಹಾನ್ಸ್ ಆಂಡರ್ಸನ್ ಕಥೆಯನ್ನು ಆಧರಿಸಿದ ಈ ವಾದ್ಯಕೃತಿ 1905ರ ಜನವರಿಯಲ್ಲಿ ವಿಯೆನ್ನಾದಲ್ಲಿ, ಶೋನ್‌ಬರ್ಗ್ ಅವರ 'ಪೆಲಿಯಾಸ್ ಉಂಡ್ ಮೆಲಿಸಾಂಡೆ' ಮೊದಲ ಬಾರಿ ಕೇಳಿಬಂದ ಕಛೇರಿಯಲ್ಲೇ ಬೆಳಕು ಕಂಡಿತು. ಬಳಿಕ ಕರ್ತೃವೇ ಅದನ್ನು ಹಿಂತೆಗೆದುಕೊಂಡರು. ಬೇರೆ ಬೇರೆ ಕಡೆ ಉಳಿದಿದ್ದ ಹಸ್ತಪ್ರತಿಯ ಭಾಗಗಳನ್ನು ಒಟ್ಟಿಗೆ ಸೇರಿಸಿ ಮತ್ತೆ ನುಡಿಸಿದ್ದು 1980ರ ದಶಕದಲ್ಲಿ. ಮೊದಲ ಪ್ರದರ್ಶನಕ್ಕೂ ಮುನ್ನ ತ್ಸೆಮ್ಲಿನ್ಸ್ಕಿ ಎರಡನೆಯ ಭಾಗದಿಂದ ಕಡಲ ಮಾಟಗಾತಿಯ ಸನ್ನಿವೇಶವನ್ನು ಕತ್ತರಿಸಿದ್ದರು. ಆಂಟನಿ ಬ್ಯೂಮಾಂಟ್ ತಮ್ಮ ಪರಿಷ್ಕರಣದಲ್ಲಿ ಅದನ್ನು ಮರಳಿ ಕೊಟ್ಟರು. ಹೆಲ್ಸಿಂಕಿ ಫಿಲ್ಹಾರ್ಮಾನಿಕ್ ಜೊತೆ ಸ್ಟೋರ್ಗೋರ್ಡ್ಸ್ ಒಂಡೈನ್ ಕಂಪನಿಗೆ ಮುದ್ರಿಸಿದ್ದು ಈ ಪಾಠವನ್ನು. ಇಲ್ಲಿ ಪ್ರಶ್ನೆ ಸೂಕ್ಷ್ಮವಾದದ್ದು: ಕರ್ತೃ ಬದುಕಿದ್ದಾಗ ತಾನೇ ತೆಗೆದುಹಾಕಿದ್ದನ್ನು ಮತ್ತೆ ಸೇರಿಸುವ ಹಕ್ಕು ಯಾರದು? ನಾನು ಕತ್ತರಿಸಿದ ರೂಪವನ್ನೇ ಕರ್ತೃಸಮ್ಮತ ಪಾಠವೆಂದು ಎಣಿಸುತ್ತೇನೆ. ಹಾಗಿದ್ದೂ ಈ ಮುದ್ರಿಕೆಯ ಬೆಲೆ ಕಡಿಮೆಯಾಗುವುದಿಲ್ಲ. ಕತ್ತರಿಸಿದ್ದು ಏನೆಂದು ಕಿವಿಯಿಂದ ತಿಳಿಯದೆ ಕತ್ತರಿ ಸರಿಯೋ ತಪ್ಪೋ ಎಂದು ಚರ್ಚಿಸಲಾಗದು.

ಇನ್ನು ಪಿಟೀಲು ವಾದಕನ ವಿಚಾರ. 1963ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಸ್ಟೋರ್ಗೋರ್ಡ್ಸ್ ನಿರ್ದೇಶನಕ್ಕೆ ಬಂದದ್ದು ವಾದ್ಯವೃಂದದ ಒಳಗಿನಿಂದ. ಸ್ವೀಡಿಷ್ ರೇಡಿಯೊ ಸಿಂಫನಿ ಆರ್ಕೆಸ್ಟ್ರಾದ ಮೊದಲ ಪಿಟೀಲಿನ ಮುಂದಾಳಾಗಿದ್ದವರು ಅವರು. ಪಾಠದ ಪ್ರಶ್ನೆ ಅವರ ಕಮಾನಿಗೆ ಮೊದಲೇ ಎದುರಾಗಿತ್ತು ಎಂಬುದಕ್ಕೆ ಎರಡು ಸಾಕ್ಷ್ಯಗಳಿವೆ. ಒಂದು, ಟಾಂಪೆರೆ ಫಿಲ್ಹಾರ್ಮಾನಿಕ್ ಜೊತೆ ಒಂಡೈನ್‌ಗೆ ಮುದ್ರಿಸಿದ ಶೂಮನ್ ಅವರ ಪಿಟೀಲು ಕನ್ಸರ್ಟೊ. ನಿರ್ದೇಶಕರು ಲೈಫ್ ಸೆಗರ್‌ಸ್ಟಾಮ್, ಅವರೂ ಪಿಟೀಲು ಕಲಿತವರೇ. 1853ರಲ್ಲಿ ಬರೆದ ಈ ಕೃತಿಯನ್ನು ಯಾರಿಗಾಗಿ ಬರೆದಿತ್ತೋ ಆ ಯೋಸೆಫ್ ಯೋಆಖಿಮ್ ಅವರೇ ಹೊರಬಿಡಲಿಲ್ಲ. ಕರ್ತೃವಿನ ಪತ್ನಿ ಕ್ಲಾರಾ ಶೂಮನ್ ಅವರಿಗೂ ಅದು ಬೇಡವಾಗಿತ್ತು. 84 ವರ್ಷಗಳ ನಂತರ, 1937ರ ನವೆಂಬರ್‌ನಲ್ಲಿ, ನಾತ್ಸಿ ಆಡಳಿತದ ಬರ್ಲಿನ್ನಿನಲ್ಲಿ ಗೇಓರ್ಗ್ ಕೂಲೆನ್‌ಕಾಂಪ್ಫ್ ಅದನ್ನು ಮೊದಲು ನುಡಿಸಿದರು, ಪಿಟೀಲಿನ ಭಾಗವನ್ನು ತಿದ್ದಿಕೊಂಡು. ಮರುತಿಂಗಳೇ ಅಮೆರಿಕದಲ್ಲಿ ಯೆಹೂದಿ ಮೆನುಹಿನ್ ಮೂಲ ಪಾಠವನ್ನೇ ನುಡಿಸಿದರು. ಹಾಗಾಗಿ ಈ ಕನ್ಸರ್ಟೊವನ್ನು ಕೈಗೆತ್ತಿಕೊಳ್ಳುವ ಯಾವ ವಾದಕರಿಗೂ 'ಯಾವ ಪಾಠ' ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಇನ್ನೊಂದು, ಕಾಯಾ ಸಾರಿಯಾಹೊ ಅವರ 'ಗ್ರಾಲ್ ತೆಯಾತ್ರ್'. 1994ರಲ್ಲಿ ಗಿಡಾನ್ ಕ್ರೆಮರ್ ಅವರಿಗೆಂದು ದೊಡ್ಡ ವಾದ್ಯವೃಂದಕ್ಕೆ ಬರೆದ ಕನ್ಸರ್ಟೊ ಇದು. 1997ರಲ್ಲಿ ಅದರ ಚಿಕ್ಕ ವಾದ್ಯವೃಂದದ ರೂಪವನ್ನು ಮೊದಲು ನುಡಿಸಿದವರು ಸ್ಟೋರ್ಗೋರ್ಡ್ಸ್, ಜೊತೆಗಿದ್ದದ್ದು ಅವಾಂತಿ ತಂಡ. ಬಳಿಕ ಅದು ಒಂಡೈನ್ ಮುದ್ರಿಕೆಯಾಗಿಯೂ ಬಂತು. ಎರಡೂ ರೂಪಗಳು ಕರ್ತೃವಿನವೇ, ಎರಡೂ ಅಧಿಕೃತ. 'ಗ್ರಾಲ್ ತೆಯಾತ್ರ್' ಎಂದು ಮಾತ್ರ ಬರೆದು ಬಿಟ್ಟರೆ ಓದುಗರಿಗೆ ತಿಳಿಯುವುದು ಅರ್ಧ ಮಾತ್ರ.

ಲಾಟ್ವಿಯಾದ ಪೇಟೆರಿಸ್ ವಾಸ್ಕ್ಸ್ ಅವರ ಕೃತಿಗಳ ಒಂಡೈನ್ ಮುದ್ರಿಕೆಯನ್ನೂ ಹೆಸರಿಸಬೇಕು, ಪಾಠದ ಕಾರಣಕ್ಕಲ್ಲ, ಎರಡು ಪಾತ್ರಗಳೂ ಒಂದೇ ತಟ್ಟೆಯಲ್ಲಿ ಸಿಗುವ ಕಾರಣಕ್ಕೆ. ಪಿಟೀಲು ಕನ್ಸರ್ಟೊದಲ್ಲಿ ಸ್ಟೋರ್ಗೋರ್ಡ್ಸ್ ವಾದಕರು, ಎರಡನೆಯ ಸಿಂಫನಿಯಲ್ಲಿ ನಿರ್ದೇಶಕರು. ಸಿಬೆಲಿಯಸ್ ಸಂಪುಟದ ಮರುವರ್ಷ ಅದೇ ಬಿಬಿಸಿ ಫಿಲ್ಹಾರ್ಮಾನಿಕ್ ಜೊತೆ ಬಂದ ಕಾರ್ಲ್ ನೀಲ್ಸೆನ್ ಸಿಂಫನಿಗಳನ್ನು ಕೇಳುವಾಗ ಒಂದು ಸಂಗತಿ ನೆನಪಿಡಬಹುದು: ನೀಲ್ಸೆನ್ 1889ರಿಂದ 1905ರವರೆಗೆ ಕೋಪನ್‌ಹೇಗನ್ನಿನ ರಾಯಲ್ ಆರ್ಕೆಸ್ಟ್ರಾದಲ್ಲಿ ಎರಡನೆಯ ಪಿಟೀಲು ನುಡಿಸುತ್ತಿದ್ದರು, ಸಿಬೆಲಿಯಸ್ 1891ರಲ್ಲಿ ವಿಯೆನ್ನಾ ಫಿಲ್ಹಾರ್ಮಾನಿಕ್‌ನಲ್ಲಿ ಪಿಟೀಲು ವಾದಕನ ಜಾಗಕ್ಕೆ ಪರೀಕ್ಷೆ ಕೊಟ್ಟು ಆಯ್ಕೆಯಾಗದೆ ಹಿಂತಿರುಗಿದವರು. ತಂತಿವಾದ್ಯದ ಕುರ್ಚಿಯನ್ನು ಬಲ್ಲ ಮೂವರು ಈ ಎರಡು ಸಂಪುಟಗಳಲ್ಲಿ ಸೇರಿದ್ದಾರೆ. ಆದರೆ ನಿರ್ದೇಶನದಲ್ಲಿ 'ಪಿಟೀಲುಗಾರನ ಕೈ' ಕೇಳಿಸುತ್ತದೆ ಎಂಬ ವಿಮರ್ಶಕರ ರೂಢಿಯ ಮಾತನ್ನು ನಾನು ಒಪ್ಪಲಾರೆ. ಮುದ್ರಿಕೆಯೊಂದರಲ್ಲಿ ತಂತಿವಾದ್ಯಗಳ ಸ್ಪಷ್ಟತೆಗೆ ವಾದ್ಯವೃಂದ, ಸಭಾಂಗಣ, ಮೈಕ್ ಇಟ್ಟ ಜಾಗ ಎಲ್ಲವೂ ಕಾರಣ. ಯಾವ ಕೃತಿಯ ಯಾವ ರೂಪವನ್ನು ಆರಿಸಿದರು ಎಂಬುದು ಮಾತ್ರ ದಾಖಲೆಯಿಂದ ತೋರಿಸಬಹುದಾದದ್ದು.

ಈಗ ಹೆಚ್ಚಿನವರು ಈ ಸಂಗೀತವನ್ನು ಮೊಬೈಲಿನಲ್ಲಿ ಕೇಳುತ್ತಾರೆ; ಪಾಠದ ವಿವರ ಇರುವ ಕಿರುಹೊತ್ತಗೆ ಅವರ ಕೈಗೆ ಹೆಚ್ಚಾಗಿ ಬರುವುದಿಲ್ಲ. ಪಾಶ್ಚಾತ್ಯ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರಲ್ಲಿ, ಕೇಳುಪಟ್ಟಿ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೇ. ಕೃತಿಯ ಹೆಸರಿನ ಪಕ್ಕದಲ್ಲಿ ಅದರ ರೂಪವನ್ನೂ ಸಂಪಾದಕರ ಹೆಸರನ್ನೂ ಬರೆಯಿರಿ. ಮಾಹ್ಲರ್ ಎದುರು ಕ್ಯಾಸ್ಟೆಲೆಟ್ಟಿ, 'ಮತ್ಸ್ಯಕನ್ಯೆ' ಎದುರು ಬ್ಯೂಮಾಂಟ್, 'ಗ್ರಾಲ್ ತೆಯಾತ್ರ್' ಎದುರು 1997ರ ಚಿಕ್ಕ ರೂಪ ಎಂದು ಇರಲಿ. ಸಿಬೆಲಿಯಸ್ ಅವರ ಮೂರು ತುಣುಕುಗಳನ್ನು, ಹೊಸ ಹಾಳೆ ಸಿಕ್ಕಿ ಸಾಬೀತಾಗುವವರೆಗೆ, ತುಣುಕುಗಳೆಂದೇ ಕರೆಯಿರಿ.