ಬೀಭತ್ಸದ ಷೇಕ್ಸ್‌ಪಿಯರ್: ಅಲ್ಪವೆಚ್ಚದ ಕಲ್ಟ್ ಚಿತ್ರಗಳ ಒಂದು ವಿವೇಚನೆ

1996ರಲ್ಲಿ ರೋಮಿಯೋ ಜೂಲಿಯೆಟ್ಟರ ಕಥೆಯನ್ನು ಆಧರಿಸಿದ ಎರಡು ಚಲನಚಿತ್ರಗಳು ಸಿದ್ಧವಾದವು. ಒಂದು ದೊಡ್ಡ ಸ್ಟುಡಿಯೋದ ಬೆಂಬಲದಿಂದ ಬಾಜ್ ಲುಹರ್ಮನ್ ನಿರ್ದೇಶಿಸಿದ್ದು; ಅದು ಬೇಗನೆ ಸಾಹಿತ್ಯದ ತರಗತಿಗಳನ್ನು ಪ್ರವೇಶಿಸಿತು. ಇನ್ನೊಂದು, ನ್ಯೂಯಾರ್ಕಿನ ಟ್ರೋಮಾ ಸಂಸ್ಥೆ ಅತ್ಯಲ್ಪ ವೆಚ್ಚದಲ್ಲಿ ನಿರ್ಮಿಸಿದ ‘ಟ್ರೋಮಿಯೋ ಅಂಡ್ ಜೂಲಿಯೆಟ್’. ರಕ್ತಪಾತ, ಅಶ್ಲೀಲತೆ ಮತ್ತು ವಿಕಾರ ಹಾಸ್ಯಗಳಿಂದ ಕೂಡಿದ ಈ ಚಿತ್ರಕ್ಕೆ ದೊರೆತದ್ದು ಸಣ್ಣದಾದರೂ ನಿಷ್ಠೆಯುಳ್ಳ ಪ್ರೇಕ್ಷಕವರ್ಗ. ಇಂತಹವನ್ನೇ ಕಲ್ಟ್ ಚಿತ್ರಗಳೆಂದು ಕರೆಯುವುದು ರೂಢಿ. ವಿದ್ವಾಂಸರು ಇವನ್ನು ಮಹಾಕವಿಗೆ ಎಸಗಿದ ಅಪಚಾರವೆಂದು ಬದಿಗಿಡುವುದು ಸುಲಭ. ಆದರೆ ಈ ಆಘಾತವು ಹೊರಗಿನಿಂದ ಬಂದದ್ದೋ, ಷೇಕ್ಸ್‌ಪಿಯರನ ರಂಗಭೂಮಿಯಲ್ಲೇ ಅದರ ಬೇರುಗಳಿವೆಯೋ ಎಂಬ ಪ್ರಶ್ನೆಯನ್ನು ಇತಿಹಾಸದ ಮುಂದಿಡುವುದು ಅಗತ್ಯ.

ಹದಿನಾರನೆಯ ಶತಮಾನದ ಅಂತ್ಯದ ಲಂಡನ್ನಿನಲ್ಲಿ ನಾಟಕವು ಪ್ರವೇಶಧನವನ್ನು ನಂಬಿದ ವ್ಯಾಪಾರವಾಗಿತ್ತು. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ರೋಸ್ ರಂಗಮಂದಿರದ ಸಮೀಪದಲ್ಲೇ ಕರಡಿಗಳ ಮೇಲೆ ನಾಯಿಗಳನ್ನು ಬಿಟ್ಟು ನೋಡುವ ಕ್ರೂರ ವಿನೋದದ ಅಖಾಡಗಳಿದ್ದವು. ಇವೆರಡಕ್ಕೂ ಬರುತ್ತಿದ್ದ ಜನ ಬಹುಮಟ್ಟಿಗೆ ಒಬ್ಬರೇ. 1594ರಲ್ಲಿ ಮುದ್ರಣಗೊಂಡ ‘ಟೈಟಸ್ ಆಂಡ್ರಾನಿಕಸ್’ ಈ ವಾತಾವರಣದ ಕೃತಿ. ಅದರಲ್ಲಿ ಲವಿನಿಯಾಳ ಮೇಲೆ ಅತ್ಯಾಚಾರ ನಡೆದು, ಆಕೆಯ ನಾಲಗೆಯನ್ನೂ ಕೈಗಳನ್ನೂ ಕತ್ತರಿಸಲಾಗುತ್ತದೆ. ಕೊನೆಗೆ ತಂದೆ ಟೈಟಸ್ ಆ ಪಾತಕಿಗಳನ್ನು ಕೊಂದು, ಅವರ ಮಾಂಸದ ಭಕ್ಷ್ಯವನ್ನು ಅವರ ತಾಯಿಗೇ ಬಡಿಸುತ್ತಾನೆ. ಈ ನಾಟಕದ ರಚನೆಯಲ್ಲಿ ಜಾರ್ಜ್ ಪೀಲ್ ಎಂಬ ಕವಿಯ ಪಾಲೂ ಇದೆಯೆಂಬುದು ಇಂದು ಬಹುಮಾನ್ಯವಾದ ಅಭಿಪ್ರಾಯ. ಅದೇ ಪೀಲನ ‘ಬ್ಯಾಟಲ್ ಆಫ್ ಅಲ್ಕಜಾರ್’ ನಾಟಕದ ಉಳಿದುಬಂದಿರುವ ರಂಗಸೂಚಿಯಲ್ಲಿ ಮೂರು ಸೀಸೆ ರಕ್ತವನ್ನೂ ಕುರಿಯ ಒಳಾಂಗಗಳನ್ನೂ ಒದಗಿಸಬೇಕೆಂಬ ಉಲ್ಲೇಖವಿದೆ. ಕಡಿಮೆ ಖರ್ಚಿನಲ್ಲಿ ಜುಗುಪ್ಸೆ ಹುಟ್ಟಿಸುವ ತಂತ್ರವು ಸಿನಿಮಾದ ಆವಿಷ್ಕಾರವೇನೂ ಅಲ್ಲ.

ಹಾಗಾದರೆ ಷೇಕ್ಸ್‌ಪಿಯರ್ ಮರ್ಯಾದಸ್ಥನಾದದ್ದು ಯಾವಾಗ? ಇದು ಮುಂದಿನ ಎರಡು ಶತಮಾನಗಳ ಕಾರ್ಯ. 1681ರಲ್ಲಿ ನೇಹಮ್ ಟೇಟ್ ‘ಕಿಂಗ್ ಲಿಯರ್’ ನಾಟಕಕ್ಕೆ ಸುಖಾಂತ್ಯವನ್ನು ಕೊಟ್ಟು, ಕಾರ್ಡೀಲಿಯಾಳನ್ನು ಬದುಕಿಸಿ ಎಡ್ಗರನೊಡನೆ ವಿವಾಹ ಮಾಡಿಸಿದ, ವಿದೂಷಕನನ್ನು ತೆಗೆದುಹಾಕಿದ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿಯನ್ನು ಆಳಿದ್ದು ಈ ತಿದ್ದಿದ ಲಿಯರನೇ. 1818ರಲ್ಲಿ ಪೂರ್ಣವಾಗಿ ಪ್ರಕಟವಾದ ಬೌಡ್ಲರ್ ಸಂಪಾದನೆಯು ಕುಟುಂಬದಲ್ಲಿ ಓದಿಹೇಳಲು ಅನುಚಿತವೆನಿಸಿದ ಮಾತುಗಳನ್ನೆಲ್ಲ ಕಿತ್ತುಹಾಕಿತು. ಕುತೂಹಲಕರವಾದುದು 1687ರಲ್ಲಿ ಅಚ್ಚಾದ ಎಡ್ವರ್ಡ್ ರೇವನ್ಸ್‌ಕ್ರಾಫ್ಟನ ‘ಟೈಟಸ್’ ರೂಪಾಂತರ. ಮೂಲವು ಅಸ್ತವ್ಯಸ್ತವಾದ ಕಸವೆಂದು ಹೀಗಳೆದ ಈತನು ತನ್ನ ಆವೃತ್ತಿಯಲ್ಲಿ ಕ್ರೌರ್ಯವನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದ. ಖಳನಾದ ಏರನನ್ನು ರಂಗದ ಮೇಲೆಯೇ ಸುಡಿಸಿದ. ಶುದ್ಧೀಕರಣದ ಮಾತು ಮತ್ತು ಜುಗುಪ್ಸೆಯ ಮಾರಾಟ ಒಟ್ಟೊಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಇದೊಂದು ನಿದರ್ಶನ.

ಈ ಮರ್ಯಾದೆಯನ್ನೇ ವಸ್ತುವಾಗಿಸಿಕೊಂಡ ಚಿತ್ರ ಡಗ್ಲಸ್ ಹಿಕಾಕ್ಸ್ ನಿರ್ದೇಶನದ ‘ಥಿಯೇಟರ್ ಆಫ್ ಬ್ಲಡ್’ (1973). ವಿಮರ್ಶಕರಿಂದ ಅವಮಾನಿತನಾದ ಷೇಕ್ಸ್‌ಪಿಯರ್ ನಟನೊಬ್ಬ (ವಿನ್ಸೆಂಟ್ ಪ್ರೈಸ್) ಆ ವಿಮರ್ಶಕರನ್ನು ನಾಟಕಗಳಲ್ಲಿನ ಸಾವುಗಳ ಮಾದರಿಯಲ್ಲಿಯೇ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಪೋರ್ಷಿಯಾಳ ವಾದದಿಂದ ತಪ್ಪಿದ ಮಾಂಸದ ಕತ್ತರಿಕೆ ಇಲ್ಲಿ ನಡೆದೇಬಿಡುತ್ತದೆ. ‘ಟೈಟಸ್’ನ ಔತಣದ ಸರದಿ ಬಂದಾಗ ಭೋಜನಪ್ರಿಯ ವಿಮರ್ಶಕನೊಬ್ಬನಿಗೆ ಅವನು ಮಕ್ಕಳಂತೆ ಸಾಕಿದ ನಾಯಿಗಳನ್ನೇ ಉಣಿಸಲಾಗುತ್ತದೆ. ನಾವು ನಗುತ್ತೇವೆ, ಆದರೆ ಗೌರವದ ಮುಸುಕಿನಲ್ಲಿ ಮರೆತುಹೋದ ಸಾವುಗಳ ಪಟ್ಟಿಯನ್ನು ಚಿತ್ರವು ನಮ್ಮ ಮುಂದೆ ಓದುತ್ತಿದೆ.

‘ಟ್ರೋಮಿಯೋ’ ಇನ್ನೂ ಒರಟು. ಲಾಯ್ಡ್ ಕಾಫ್‌ಮನ್ ನಿರ್ದೇಶಿಸಿದ ಈ ಚಿತ್ರದ ಚಿತ್ರಕಥೆಯಲ್ಲಿ, ಮುಂದೆ ಹಾಲಿವುಡ್ಡಿನ ಪ್ರಸಿದ್ಧ ನಿರ್ದೇಶಕನಾದ ಜೇಮ್ಸ್ ಗನ್‌ನ ಪಾಲಿದೆ. ಮೋಟರ್‌ಹೆಡ್ ವಾದ್ಯವೃಂದದ ಲೆಮ್ಮಿ ಇದರ ಸೂತ್ರಧಾರ. ಇಲ್ಲಿ ಜೂಲಿಯೆಟ್ಟಳ ತಂದೆ ಮಗಳನ್ನು ಕೂಡಿಹಾಕಿ ಹಿಂಸಿಸುವ ರಾಕ್ಷಸ. ಇದನ್ನು ಅತಿರೇಕವೆನ್ನುವವರು ಮೂಲ ನಾಟಕದ ಮೂರನೆಯ ಅಂಕದ ಐದನೆಯ ದೃಶ್ಯವನ್ನು ಮತ್ತೊಮ್ಮೆ ಓದಬೇಕು. ಹದಿನಾಲ್ಕು ತುಂಬದ ಮಗಳು ಮದುವೆಗೆ ಒಪ್ಪದಿದ್ದಾಗ ಮುದಿ ಕ್ಯಾಪುಲೆಟ್ ಆಕೆಯನ್ನು ನಿಂದಿಸಿ, ಹೊಡೆಯಲು ಕೈ ತುರಿಸುತ್ತಿದೆಯೆಂದು ಗುಡುಗಿ, ಬೀದಿಯಲ್ಲಿ ಹಸಿದು ಸಾಯಲು ಬಿಡುವೆನೆಂದು ಬೆದರಿಸುತ್ತಾನೆ. ಪ್ರೇಮಕಥೆಯ ಮಾಧುರ್ಯದಲ್ಲಿ ನಾವು ಕಡೆಗಣಿಸುವ ಈ ಗೃಹಹಿಂಸೆಯನ್ನು ಟ್ರೋಮಾ ಕಣ್ಣಿಗೆ ರಾಚುವಂತೆ ತೋರಿಸಿತು.

ಆದರೆ ಎಲ್ಲ ಆಘಾತಕ್ಕೂ ಒಂದೇ ಬೆಲೆಯಲ್ಲ. ಇದೇ ಚಿತ್ರದಲ್ಲಿ ಹೆಣ್ಣಿನ ದೇಹವು ಅನೇಕ ಕಡೆ ಕೇವಲ ಸರಕಾಗುತ್ತದೆ. ನಾಯಕ ನಾಯಕಿಯರು ಒಡಹುಟ್ಟಿದವರೆಂದು ತಿಳಿದಮೇಲೂ ಮದುವೆಯಾಗಿ ಸುಖವಾಗಿರುವ ಅಂತ್ಯವು ದುರಂತಕ್ಕೆ ಮಾಡಿದ ಅಣಕವೇ ಹೊರತು ಅದರ ವ್ಯಾಖ್ಯಾನವಲ್ಲ. ಇದಕ್ಕೆ ಪ್ರತಿಯಾಗಿ 1955ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಪೀಟರ್ ಬ್ರೂಕ್ ‘ಟೈಟಸ್’ ನಾಟಕವನ್ನು ಪ್ರಯೋಗಿಸಿದಾಗ, ಲವಿನಿಯಾಳ (ವಿವಿಯನ್ ಲೀ) ಗಾಯಗಳಿಂದ ಹರಿದದ್ದು ರಕ್ತವಲ್ಲ, ಕೆಂಪು ಪಟ್ಟಿಗಳು. ಬೀಭತ್ಸವು ರಸವಾಗಲು ಜುಗುಪ್ಸೆಯೆಂಬ ಭಾವವೊಂದೇ ಸಾಲದು, ಅದು ಪರಿಪಾಕಗೊಳ್ಳಬೇಕೆಂಬ ನಮ್ಮ ಕಾವ್ಯಮೀಮಾಂಸೆಯ ಮಾತು ಇಲ್ಲಿ ಸಾರ್ಥಕವೆನಿಸುತ್ತದೆ.

ಆದುದರಿಂದ ಈ ಚಿತ್ರಗಳನ್ನು ಅಧ್ಯಯನ ಮಾಡುವವರು ಇವು ಮೂಲಕ್ಕೆ ನಿಷ್ಠವೋ ಅಲ್ಲವೋ ಎಂಬಲ್ಲಿಗೇ ನಿಲ್ಲಬಾರದು. ನಿಷ್ಠೆಯ ಹೆಸರಿನಲ್ಲಿ ನಾವು ಕಾಯುತ್ತಿರುವುದು ಕವಿಯ ನಾಟಕವನ್ನೋ, ಟೇಟ್ ಮತ್ತು ಬೌಡ್ಲರರು ಬಿಟ್ಟುಹೋದ ಮರ್ಯಾದೆಯನ್ನೋ ಎಂಬುದನ್ನು ಮೊದಲು ವಿಚಾರಿಸಬೇಕು. ಬಳಿಕ, ತೆರೆಯ ಮೇಲಿನ ಆಘಾತವು ನಾಟಕದೊಳಗಿನ ಯಾವ ನೋವನ್ನು ಬೆಳಕಿಗೆ ತಂದಿತು, ಯಾವುದನ್ನು ನಗೆಯಲ್ಲಿ ಮುಚ್ಚಿಹಾಕಿತು ಎಂದು ದೃಶ್ಯ ದೃಶ್ಯವಾಗಿ ಪರಿಶೀಲಿಸಬೇಕು. ನಾಲಗೆಯಿಲ್ಲದ ಲವಿನಿಯಾ ಮರಳಿನಲ್ಲಿ ಕೋಲಿನಿಂದ ಅಪರಾಧಿಗಳ ಹೆಸರನ್ನು ಬರೆಯುತ್ತಾಳೆ. ಆ ಬರಹವನ್ನು ಓದಿಸುವ ಆಘಾತಕ್ಕೆ ಮಾತ್ರ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವಿದೆ.