ಬ್ಯಾಚಿನಿಂದ ಬ್ಯಾಚಿಗೆ ಸಾಗಿಬಂದ ಡೇಟಾಬೇಸ್

1970ರ ಜೂನ್‌ನಲ್ಲಿ ಐಬಿಎಂ ಸಂಶೋಧಕ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಟೇಬಲ್‌ಗಳಲ್ಲಿ ಜೋಡಿಸಿಡಿ. ಅದು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬ ಚಿಂತೆ ಪ್ರಶ್ನೆ ಕೇಳುವವರಿಗೆ ಬೇಡ ಎಂಬುದು ಅದರ ಸಾರ. ಕಾಗದದ ಮೇಲೇನೋ ಚೆಂದವಾಗಿತ್ತು. ಯಂತ್ರದ ಮೇಲೆ ಇದು ಬೇಗ ಓಡೀತೇ ಎಂಬ ಅನುಮಾನ ಮಾತ್ರ ಬಲ್ಲವರಲ್ಲೇ ಇತ್ತು.

ಓಡಿಸಿ ತೋರಿಸಲು ಎರಡು ತಂಡಗಳು ಹೊರಟವು. ಒಂದು, ಐಬಿಎಂನದೇ ‘ಸಿಸ್ಟಮ್ ಆರ್’. ಇನ್ನೊಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಪ್ರಾಧ್ಯಾಪಕರಾದ ಮೈಕೆಲ್ ಸ್ಟೋನ್‌ಬ್ರೇಕರ್, ಯೂಜೀನ್ ವಾಂಗ್ ಮತ್ತು ಅವರ ವಿದ್ಯಾರ್ಥಿಗಳು 1973ರಲ್ಲಿ ಕೈಹಾಕಿದ ‘ಇಂಗ್ರೆಸ್’. ಅರ್ಥಶಾಸ್ತ್ರದವರಿಗೆ ಭೌಗೋಳಿಕ ಮಾಹಿತಿಯ ವ್ಯವಸ್ಥೆ ಮಾಡಿಕೊಡಲೆಂದು ತಂದ ಹಣವೇ ಇದಕ್ಕೆ ಮೂಲ ಬಂಡವಾಳವಾಯಿತು.

ಸಿಕ್ಕಿದ್ದು ಯುನಿಕ್ಸ್ ಓಡುವ ಪುಟ್ಟ ಪಿಡಿಪಿ-11 ಯಂತ್ರ. ಅದರಲ್ಲಿ ಒಂದು ಪ್ರೋಗ್ರಾಂ ಎಟುಕಿಸಿಕೊಳ್ಳಬಹುದಾದ ಮೆಮೊರಿ 64 ಕಿಲೋಬೈಟ್ ಮಾತ್ರ. ಇಡೀ ಡೇಟಾಬೇಸ್ ಅದರಲ್ಲಿ ಹಿಡಿಸುವಂತಿರಲಿಲ್ಲ. ಹಾಗಾಗಿ ಕೆಲಸವನ್ನೇ ನಾಲ್ಕು ಪಾಲು ಮಾಡಿದರು. ಮೊದಲನೆಯದು ಟರ್ಮಿನಲ್‌ನಲ್ಲಿ ಟೈಪಾದ ಪ್ರಶ್ನೆಯನ್ನು ಪಡೆಯುತ್ತಿತ್ತು. ಎರಡನೆಯದು ಅದನ್ನು ಬಿಡಿಸಿ ಅರ್ಥಮಾಡಿಕೊಳ್ಳುತ್ತಿತ್ತು, ಮೂರನೆಯದು ಉತ್ತರ ಹುಡುಕುತ್ತಿತ್ತು. ಟೇಬಲ್ ಕಟ್ಟುವ, ಅಳಿಸುವ ಕೆಲಸವೆಲ್ಲ ನಾಲ್ಕನೆಯದರ ಪಾಲು. ಯುನಿಕ್ಸ್‌ನ ಪೈಪ್‌ಗಳು ಇವನ್ನು ಒಂದಕ್ಕೊಂದು ಬೆಸೆದಿದ್ದವು.

ತಂಡ ತನ್ನ ಕೋಡನ್ನು ಬಚ್ಚಿಡಲಿಲ್ಲ. ಅಲ್ಪ ಶುಲ್ಕ ಕಟ್ಟಿದವರಿಗೆ ಟೇಪಿನಲ್ಲಿ ತುಂಬಿ ಕಳಿಸಿತು. 1980ರಲ್ಲಿ ಸ್ಟೋನ್‌ಬ್ರೇಕರ್ ತಮ್ಮ ತಂಡ ಎಡವಿದ್ದೆಲ್ಲಿ ಎಂಬುದನ್ನೂ ಪ್ರಬಂಧವಾಗಿಯೇ ಬರೆದರು. ಕಂಪ್ಯೂಟರ್ ತಜ್ಞರ ಸಂಘಟನೆ ಎಸಿಎಂ ಕೊಡುವ ತಂತ್ರಾಂಶ ಪ್ರಶಸ್ತಿ 1988ರಲ್ಲಿ ‘ಸಿಸ್ಟಮ್ ಆರ್’ ಮತ್ತು ‘ಇಂಗ್ರೆಸ್’ ಎರಡಕ್ಕೂ ಸಂದಿತು.

ಅಷ್ಟರಲ್ಲಾಗಲೇ, 1986ರಲ್ಲಿ, ಹೊಸ ವಿದ್ಯಾರ್ಥಿಗಳೊಂದಿಗೆ ಸ್ಟೋನ್‌ಬ್ರೇಕರ್ ಅವರ ಹೊಸ ಪ್ರಾಜೆಕ್ಟ್ ಶುರುವಾಗಿತ್ತು. ಇಂಗ್ರೆಸ್ ಆದಮೇಲಿನದು ಎಂಬರ್ಥದಲ್ಲಿ ಅದಕ್ಕೆ ‘ಪೋಸ್ಟ್‌ಗ್ರೆಸ್’ ಎಂದು ಹೆಸರಿಟ್ಟರು. 4.2ನೇ ಆವೃತ್ತಿಯೊಂದಿಗೆ ಬರ್ಕ್ಲಿ ಅದಕ್ಕೆ ಮುಕ್ತಾಯ ಹಾಡಿತು. ಪ್ರಾಜೆಕ್ಟ್ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ 1994ರಲ್ಲಿ ಆಂಡ್ರೂ ಯು, ಜಾಲಿ ಚೆನ್ ಎಂಬ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಹಳೆಯ ಕೋಡನ್ನು ಕೈಗೆತ್ತಿಕೊಂಡರು. ಪ್ರಶ್ನೆ ಕೇಳುವ ಹಳೆಯ ಭಾಷೆ ‘ಪೋಸ್ಟ್‌ಕ್ವೆಲ್’ ತೆಗೆದು ಎಸ್‌ಕ್ಯೂಎಲ್ ಕೂರಿಸಿದರು. ಕೋಡಿನ ಗಾತ್ರ ಶೇ 25ರಷ್ಟು ಇಳಿಯಿತು. ವೇಗ ಶೇ 30ರಿಂದ 50ರಷ್ಟು ಏರಿತು. 1996ರಲ್ಲಿ ಅದಕ್ಕೆ ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂದು ಹೆಸರಾಯಿತು. ಬರ್ಕ್ಲಿಯ ಎಣಿಕೆ ತಪ್ಪಬಾರದೆಂದು ಆವೃತ್ತಿಯ ಸಂಖ್ಯೆ 6ರಿಂದ ಮುಂದುವರಿಯಿತು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಡೇಟಾಬೇಸ್ ವಿಷಯದಲ್ಲಿ (ಡಿಬಿಎಂಎಸ್) ಮಿನಿ ಪ್ರಾಜೆಕ್ಟ್ ಮಾಡಿದವರು ಅಸಂಖ್ಯ. ವೈವಾ ಮುಗಿದು, ರೆಕಾರ್ಡಿಗೆ ಸಹಿ ಬಿದ್ದ ಮೇಲೆ ಆ ಕೋಡಿನತ್ತ ಯಾರೂ ತಿರುಗಿ ನೋಡದಂತಾಗುವುದು ನೋವಿನ ಸಂಗತಿ. ಈ ಸಲ ಪ್ರಾಜೆಕ್ಟ್ ಮಾಡುತ್ತಿರುವವರು ತಮ್ಮ ಟೇಬಲ್‌ಗಳ ನಕ್ಷೆ, ಕೋಡು, ಮಾಡಿದ ತಪ್ಪುಗಳ ಒಂದು ಪುಟದ ಟಿಪ್ಪಣಿ ಇಷ್ಟನ್ನು ಜೂನಿಯರ್‌ಗಳ ಕೈಗೆ ಒಪ್ಪಿಸಿ ಕಾಲೇಜು ಬಿಡಲಿ.